ಕಿರುಗಾಡಿಗಳ ನಿರ್ಮಾಣವೂ ಸಾಗಣೆಯೂ



ಕಣ್ಣಿಗೆ ಸಲ್ಲತಕ್ಕ ವಸ್ತುವೊಂದನ್ನು ಕಿವಿಗೆ ಒಪ್ಪಿಸಬೇಕಾದ ಪ್ರಸಂಗ ಇಂದು ನಮಗೆ ಒದಗಿದೆ. ನಮ್ಮ ಮುಂದಿನ ಮೇಜಿನ ಮೇಲೆ ಗೇಣಿಗಿಂತ ತುಸು ಚಿಕ್ಕದಾದ ಒಂದು ಮೋಟಾರು ಗಾಡಿ ಇದೆ. ಬಣ್ಣ ಕೆನೆಬಿಳುಪು, ನಾಲ್ಕು ಬಾಗಿಲು, ದುಂಡನೆಯ ಬೆನ್ನು, ಮುಂದೆ ಎರಡು ಗುಂಡು ದೀಪಗಳು. ಇಷ್ಟನ್ನು ಕೇಳಿದ ಮಾತ್ರಕ್ಕೇ ನಿಮ್ಮಲ್ಲಿ ಬಹುಮಂದಿ ಅದು ಅಂಬಾಸಿಡರ್ ಎಂದು ಊಹಿಸಿರಬಹುದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯನ್ನು ಅನುಸರಿಸಿ, 1950ರ ದಶಕದ ಕೊನೆಯಿಂದ 2014ರವರೆಗೆ ಕಲ್ಕತ್ತೆಯ ಸಮೀಪದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಆ ಗಾಡಿ ನಮ್ಮ ಊರಿನ ಎಷ್ಟೋ ಮನೆಗಳ ಮದುವೆ ಮುಂಜಿಗಳನ್ನು ಕಂಡಿದೆ. ಅಂಥ ಹಳೆಯ ಗಾಡಿಗಳ ಪ್ರತಿಕೃತಿಗಳನ್ನು ಅಳತೆ ತಪ್ಪದಂತೆ ಕಟ್ಟುವುದು ಹೇಗೆ, ಕಟ್ಟಿದ್ದನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಮುರಿಯದಂತೆ ಸಾಗಿಸುವುದು ಹೇಗೆ ಎಂಬೆರಡು ವಿಷಯಗಳನ್ನು ಕುರಿತು ನಮ್ಮ ಅನುಭವವನ್ನು ಅರಿಕೆಮಾಡಿಕೊಳ್ಳುತ್ತೇವೆ.

“ಇದು ಮಕ್ಕಳ ಆಟದ ಸಾಮಾನಲ್ಲವೆ?” ಎಂದು ಕೇಳುವವರುಂಟು. ಆಟದ ಗಾಡಿ ಉರುಳಿದರೆ ಸಾಕು. ಪ್ರತಿಕೃತಿಯಾದರೋ ತನ್ನ ಮೂಲಕ್ಕೆ ಲೆಕ್ಕ ಒಪ್ಪಿಸಬೇಕು. ನಾವು ಅನುಸರಿಸುವುದು ಇಪ್ಪತ್ತನಾಲ್ಕಕ್ಕೆ ಒಂದರ ಪ್ರಮಾಣ. ಅಂದರೆ ಮೂಲದ ಒಂದಡಿಗೆ ಇಲ್ಲಿ ಅರ್ಧ ಅಂಗುಲ. ಅಂಬಾಸಿಡರಿನ ಉದ್ದ 4325 ಮಿಲಿಮೀಟರು; ನಮ್ಮ ಗಾಡಿಯ ಉದ್ದ 180. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಮೂಲದಲ್ಲಿ 2464. ಇಲ್ಲಿ 103ಕ್ಕೆ ಕೂದಲೆಳೆಯಷ್ಟು ಕಡಮೆ. ಈ ಪ್ರಮಾಣದಲ್ಲಿ ಒಂದು ಮಿಲಿಮೀಟರಿನ ತಪ್ಪು ಮೂಲದಲ್ಲಿ ಸುಮಾರು ಒಂದಂಗುಲದ ತಪ್ಪಿಗೆ ಸಮ. ಬಣ್ಣವನ್ನು ದಪ್ಪವಾಗಿ ಬಳಿದರೆ ಬಾಗಿಲುಗಳ ಸಂದುಗಳೆಲ್ಲ ಮುಚ್ಚಿಹೋಗಿ, ಗಾಡಿಗೆ ಕಂಬಳಿ ಹೊದಿಸಿದಂತೆ ಕಾಣುತ್ತದೆ. ಅಂಗಡಿಯಲ್ಲಿ ದೊರೆಯುವ ಸಣ್ಣ ಲೋಹದ ಗಾಡಿಗಳು ಬಹುಮಟ್ಟಿಗೆ ನಲವತ್ತಮೂರಕ್ಕೆ ಒಂದರ ಪ್ರಮಾಣದವು. ಆ ವಿಚಿತ್ರವಾದ ಅಂಕಿ ಬಂದದ್ದು ಆಟದ ರೈಲಿನಿಂದ: ಅಡಿಗೆ ಏಳು ಮಿಲಿಮೀಟರಿನ ಲೆಕ್ಕದಲ್ಲಿ ಮಾಡಿದ ರೈಲುಗಳ ಪಕ್ಕದಲ್ಲಿ ನಿಲ್ಲಲೆಂದು ಅವು ಹುಟ್ಟಿದುವು.

ಅಳತೆಗೆ ಮೂಲ ಬೇಕಷ್ಟೆ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಗಾಡಿಗಳನ್ನಿರಿಸಿ 2023ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ ‘ಪಯಣ’ ಎಂಬ ಪ್ರದರ್ಶನಾಲಯವು ಮೈಸೂರಿನ ಹವ್ಯಾಸಿಗಳಿಗೆ ದೊಡ್ಡ ಉಪಕಾರವಾಗಿದೆ. ಚಿತ್ರಪಟವು ಒಂದು ಮಗ್ಗುಲನ್ನು ತೋರಿಸೀತು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದಾಗಲೇ ಅದರ ಮೈಯ ತಿರುವುಗಳು ಅರಿವಿಗೆ ಬರುವುವು.

ಇನ್ನು ಸಾಮಗ್ರಿ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರವೇ ನಮಗೂ ಪ್ರಿಯವಾದುದು. ಅದು ಮೃದು, ನಯ. ಎಳೆ ಕಾಣದಷ್ಟು ಸಣ್ಣ. ಚೆನ್ನಾಗಿ ಒಣಗಿದ ದಿಮ್ಮಿಯೊಂದರ ಮೇಲೆ ಗಾಡಿಯ ಮಗ್ಗುಲಿನ ನಕ್ಷೆಯನ್ನೂ ಮೇಲ್ನೋಟದ ನಕ್ಷೆಯನ್ನೂ ಅಂಟಿಸಿ, ಗರಗಸದಿಂದ ಸುತ್ತಿನ ಹೆಚ್ಚುವರಿ ಮರವನ್ನು ತೆಗೆಯಬೇಕು. ಬಳಿಕ ರಟ್ಟಿನಲ್ಲಿ ಕತ್ತರಿಸಿದ ಅಚ್ಚುಗಳನ್ನು ಮೈಗೆ ಒಡ್ಡಿ ಒಡ್ಡಿ ನೋಡುತ್ತ ಉಳಿಯಿಂದಲೂ ಅರದಿಂದಲೂ ತಿರುವುಗಳನ್ನು ಇಳಿಸಿ, ಕೊನೆಗೆ ಒಳಭಾಗವನ್ನು ಟೊಳ್ಳು ಮಾಡಬೇಕು. ಚಕ್ರಗಳನ್ನು ನಾವು ಚನ್ನಪಟ್ಟಣದ ಕುಶಲಕರ್ಮಿಯೊಬ್ಬರಿಂದ ಕಡೆಯಿಸುತ್ತೇವೆ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಅದರ ಮೇಲೆ ತಾಳೆಗರಿಯನ್ನು ಒತ್ತಿಹಿಡಿದರೆ ಹೊಳಪು ಏಳುತ್ತದೆ. ಬಂಪರುಗಳಿಗೂ ಕನ್ನಡಿಯ ಕಾಲುಗಳಿಗೂ ಹಿತ್ತಾಳೆಯ ತಂತಿ. ಒಂದು ಗಾಡಿ ಮುಗಿಯಲು ನಮಗೆ ನಾಲ್ಕೈದು ತಿಂಗಳು ಹಿಡಿಯುತ್ತದೆ.

ಈ ಮೇಜಿನ ಮೇಲಿರುವ ಗಾಡಿ ನಮ್ಮ ತಂದೆಯವರದು. ಅವರು ಬಹುಕಾಲ ಓಡಿಸಿ ಮಾರಿಬಿಟ್ಟ ಅಂಬಾಸಿಡರಿನ ಪ್ರತಿಕೃತಿಯಿದು. ಇದು ಮುಗಿಯುವ ಹೊತ್ತಿಗೆ ಅವರಿಗೆ ದೃಷ್ಟಿ ಹೆಚ್ಚುಕಡಮೆ ಹೋಗಿಯೇ ಇತ್ತು. ಗಾಡಿಯನ್ನು ಅವರ ಕೈಯಲ್ಲಿಟ್ಟೆವು. ಅವರು ಬೆರಳನ್ನು ಮುಂದಿನ ದೀಪದಿಂದ ಹಿಂದಿನವರೆಗೆ ನಿಧಾನವಾಗಿ ಆಡಿಸಿ, ಎಡಗಡೆಯ ಹಿಂದಿನ ಮಡ್‌ಗಾರ್ಡಿನ ಮೇಲೆ ನಿಲ್ಲಿಸಿ, “ಇಲ್ಲಿ ನುಣ್ಣಗಿದೆಯಲ್ಲಪ್ಪ. ಕಂಬಕ್ಕೆ ತಗುಲಿದ್ದ ತಗ್ಗು ಎಲ್ಲಿ?” ಎಂದರು. ಗಾಡಿ ಕಲಿಯುವ ಆತುರದಲ್ಲಿ ಲಕ್ಷ್ಮೀಪುರದ ಮನೆಯ ಗೇಟಿನ ಕಂಬಕ್ಕೆ ಅದನ್ನು ತಾಗಿಸಿದವರು ನಾವೇ. ಆ ತಗ್ಗನ್ನು ಪ್ರತಿಕೃತಿಯಲ್ಲಿ ಬಿಟ್ಟಿದ್ದಕ್ಕೆ ಕಾರಣ ಅಂದವೆಂದು ನಮಗೆ ನಾವೇ ಹೇಳಿಕೊಂಡಿದ್ದೆವು. ನಿಜವಾದ ಕಾರಣ ನಾಚಿಕೆ. ಅಂದೇ ರಾತ್ರಿ ಬಣ್ಣ ಕೆರೆದು ತಗ್ಗನ್ನು ಕೊರೆದೆವು. ಮರುದಿನ ಅವರು ಮತ್ತೆ ಮುಟ್ಟಿ ನೋಡಿ, ಏನೂ ಹೇಳದೆ, ಸ್ವಲ್ಪ ಹೊತ್ತು ಗಾಡಿಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು. ಅಳತೆ ತಪ್ಪಬಾರದೆಂಬುದರ ಅರ್ಥ ನಮಗೆ ಪೂರ್ತಿ ತಿಳಿದದ್ದು ಆಗ.

ತಂದೆಯವರು ತೀರಿಕೊಂಡ ಮೇಲೆ ಲಕ್ಷ್ಮೀಪುರದ ಮನೆಯನ್ನು ಬಿಟ್ಟು ಕುವೆಂಪುನಗರದ ಬಾಡಿಗೆ ಮನೆಗೆ ಹೋಗಬೇಕಾಯಿತು. ದಾರಿ ಕೆಲವೇ ಮೈಲಿ. ಆ ಧೈರ್ಯದಿಂದಲೇ ನಾವು ಕೆಟ್ಟೆವು. ಮೂವತ್ತೊಂದು ಗಾಡಿಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ, ಕೆಲವನ್ನು ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದು, ಎರಡು ದೊಡ್ಡ ಪೆಟ್ಟಿಗೆಗಳಲ್ಲಿ ಅಲುಗಾಡದಂತೆ ಒತ್ತಿ ತುಂಬಿದೆವು. ತಿಂಗಳೆರಡು ಕಳೆದು ಪೆಟ್ಟಿಗೆ ತೆರೆದಾಗ ಹತ್ತಿಯ ಎಳೆಗಳು ಕನ್ನಡಿಗಳಿಗೂ ಹಿಡಿಗಳಿಗೂ ಸಿಕ್ಕಿಕೊಂಡು, ಬಿಡಿಸಹೋದರೆ ಅವೇ ಕಿತ್ತುಬಂದುವು. ಪ್ಲಾಸ್ಟಿಕ್ಕಿನ ಗುಳ್ಳೆಗಳು ಬೇಸಗೆಯ ಬಿಸಿಗೆ ಬಣ್ಣದ ಮೇಲೆ ಉಂಗುರಗಳಾಗಿ ಮೂಡಿದ್ದುವು. ತಂದೆಯವರ ಗಾಡಿಯ ಮಾಡಿನ ಒಂದು ಕಂಬ ಸೀಳಿತ್ತು, ಬಂಪರು ಮುರಿದಿತ್ತು.

ಅದೇ ದಿನ ನಮ್ಮ ತಾಯಿಯವರು ಪಕ್ಕದ ಕೋಣೆಯಲ್ಲಿ ತಮ್ಮ ಗೊಂಬೆಗಳ ಪೆಟ್ಟಿಗೆಯನ್ನು ತೆರೆಯುತ್ತಿದ್ದರು. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಪದ್ಧತಿಯನ್ನು ಮೈಸೂರಿನವರಿಗೆ ವಿವರಿಸಬೇಕಾದುದಿಲ್ಲ. ಅರಮನೆಯಲ್ಲಿ ಗೊಂಬೆ ತೊಟ್ಟಿಯೆಂಬ ಸ್ಥಳವೇ ಇದೆ. ತಾಯಿಯವರ ಪಟ್ಟದ ಗೊಂಬೆಗಳು ಅವರ ಮದುವೆಯಲ್ಲಿ ತವರಿನಿಂದ ಬಂದವು. ಆರು ಮನೆ ಬದಲಾಯಿಸಿವೆ, ವರ್ಷಕ್ಕೊಮ್ಮೆ ಹೊರಬಂದು ಒಳಹೋಗಿವೆ. ಒಂದರ ಮೂಗೂ ಸವೆದಿಲ್ಲ. ನಮ್ಮ ಮುರಿದ ಗಾಡಿಯನ್ನು ನೋಡಿ ಅವರು, “ನೀನು ಇದನ್ನು ಸುತ್ತಿದ್ದೀಯೇ ಹೊರತು ಕೂರಿಸಿಲ್ಲ ಮಗು. ಮೊದಲು ಕೂರಿಸಬೇಕು, ಆಮೇಲೆ ಸುತ್ತಬೇಕು” ಎಂದರು.

ಪೆಟ್ಟಿಗೆಯೊಳಗನ್ನು ನಾವು ಆಗ ಮೊದಲ ಬಾರಿಗೆ ಗಮನವಿಟ್ಟು ನೋಡಿದೆವು. ಒಳಗೆ ಹಲಗೆಗಳಿಂದ ಮಾಡಿದ ಮನೆಗಳು. ಪ್ರತಿ ಗೊಂಬೆಗೂ ಅದರ ಪೀಠ ಕಚ್ಚಿ ಕೂರುವಂತೆ ತಳದಲ್ಲಿ ಒಂದು ಚೌಕಟ್ಟು. ಕಿರೀಟವನ್ನೂ ಒಡವೆಗಳನ್ನೂ ಕಳಚಿ ಸಣ್ಣ ಚೀಲದಲ್ಲಿಟ್ಟು ಆ ಗೊಂಬೆಯ ಮನೆಯಲ್ಲೇ ಇರಿಸಿದ್ದರು. ಸುತ್ತಿದ್ದು ಅನೇಕ ಸಲ ಒಗೆದು ಮೆತ್ತಗಾದ ಹತ್ತಿಯ ಸೀರೆಯ ತುಂಡು; ಅದೂ ಸಡಿಲವಾಗಿ. ಮುಚ್ಚಳದ ಒಳಗೆ ಪಟ್ಟಿ ಅಂಟಿಸಿತ್ತು. ಭಾರವನ್ನು ಹೊರುತ್ತಿದ್ದುದು ಪೀಠ. ಮುಖಕ್ಕೂ ಕೈಗಳಿಗೂ ಯಾವ ಒತ್ತಡವೂ ಇರಲಿಲ್ಲ.

ಈ ಪಾಠವನ್ನು ಗಾಡಿಗಳಿಗೆ ಹೀಗೆ ಅನ್ವಯಿಸಿಕೊಂಡೆವು. ಪ್ರತಿ ಗಾಡಿಗೂ ಸುತ್ತ ಒಂದಂಗುಲ ಹೆಚ್ಚಾಗಿರುವ ಒಂದು ಹಲಗೆ. ಗಾಡಿಯ ತಳಕ್ಕೂ ಹಲಗೆಗೂ ನಡುವೆ ಸಣ್ಣ ಮರದ ದಿಂಬು; ಅದರಿಂದ ಚಕ್ರಗಳು ಹಲಗೆಯನ್ನು ಮುಟ್ಟದೆ ನಿಲ್ಲುವುವು, ಅಚ್ಚುಗಳ ಮೇಲೆ ಭಾರ ಬೀಳದು. ಹಲಗೆಯ ಕೆಳಗಿನಿಂದ ಎರಡು ತಿರುಪುಗಳು ಗಾಡಿಯ ತಳವನ್ನು ಹಿಡಿಯಬೇಕು. ಹಲಗೆ ತನ್ನ ಪೆಟ್ಟಿಗೆಯ ಗಾಡಿಗಳಲ್ಲಿ ಜಾರಿ ಕೂರಬೇಕು. ಗಾಡಿಯ ಮೈ ಯಾವುದಕ್ಕೂ ತಾಗಕೂಡದು. ಅಂಥ ಸಣ್ಣ ಪೆಟ್ಟಿಗೆಗಳನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಸುತ್ತಲೂ ಎರಡಂಗುಲ ಮೆತ್ತೆ ತುಂಬಬೇಕು. ಮೆತ್ತೆಯ ಸ್ಥಾನ ಎರಡು ಪೆಟ್ಟಿಗೆಗಳ ನಡುವೆ. ಬಣ್ಣಕ್ಕೆ ತಗುಲುವುದೇನಾದರೂ ಇದ್ದರೆ ಅದು ಒಗೆದ ಮಲ್ಲಿನ ಬಟ್ಟೆ ಅಥವಾ ಆಮ್ಲವಿಲ್ಲದ ತೆಳುಕಾಗದ; ಮಸಿ ಬಿಡುವ ಸಮಾಚಾರಪತ್ರಿಕೆ ಸಲ್ಲದು. ಮೆದು ಪ್ಲಾಸ್ಟಿಕ್ಕಿನ ಟೈರುಗಳುಳ್ಳ ಗಾಡಿಯನ್ನು ಬಣ್ಣ ಬಳಿದ ಹಲಗೆಯ ಮೇಲೆ ಬಹುಕಾಲ ನಿಲ್ಲಿಸಿದರೆ ಟೈರು ಬಣ್ಣವನ್ನು ತಿನ್ನುತ್ತದೆ. 1930ರ ದಶಕದ ಸತುವಿನ ಗಾಡಿಗಳಿದ್ದರೆ ಇನ್ನೂ ಎಚ್ಚರ ಬೇಕು: ಲೋಹದಲ್ಲಿ ಸೀಸ ಮೊದಲಾದುವು ಬೆರೆತಿದ್ದರೆ ಅದು ಒಳಗಿಂದೊಳಗೇ ಬಿರಿದು, ಹಿಡಿದ ಕೈಯಲ್ಲೇ ಪುಡಿಯಾಗುತ್ತದೆ, ತೇವವು ಆ ರೋಗವನ್ನು ಹೆಚ್ಚಿಸುತ್ತದೆ.

ಕಟ್ಟುವ ಮುನ್ನ ಪ್ರತಿಯೊಂದಕ್ಕೂ ಅಂಕಿ ಕೊಟ್ಟು, ನಾಲ್ಕು ಮಗ್ಗುಲಿನ ಚಿತ್ರ ತೆಗೆದಿಡಿ. ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ನಾಲ್ಕೂ ಕಡೆಗೆ ಓರೆಮಾಡಿ ಆಲಿಸಿ. ಒಳಗೆ ಸದ್ದಾದರೆ ಮತ್ತೆ ಬಿಚ್ಚಿ. ಸಾಮಾನಿನ ಲಾರಿಗೆ ಒಪ್ಪಿಸುವುದಕ್ಕಿಂತ ನಮ್ಮ ಕಾರಿನಲ್ಲಿ, ಮುಂದಿನ ಆಸನದ ಹಿಂದೆ ನೆಲದ ಮೇಲಿಟ್ಟು ಒಯ್ಯುವುದು ಮೇಲು. ಚೈತ್ರದ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋಗಬೇಡಿ. ಅಂಟು ಮೆತ್ತಗಾಗಿ, ಕಿಟಕಿಯ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಎರಡು ವರ್ಷದ ತರುವಾಯ ವಿಜಯನಗರದ ಈಗಿನ ಮನೆಗೆ ಬಂದಾಗ ಮೂವತ್ತೊಂದು ಗಾಡಿಗಳೂ ಕೂದಲು ಕೊಂಕದೆ ಬಂದುವು. ಆದರೆ ಅವುಗಳಿಗೆ ತಿರುಪಿನ ರಂಧ್ರ ಕೊರೆಯುವಾಗ ನಮಗಾದ ದಿಗಿಲು ಸ್ವಲ್ಪದ್ದಲ್ಲ. ಮುಗಿದ ಗಾಡಿಯ ತಳವನ್ನು ಕೊರೆಯುವುದೆಂದರೆ ಮಲಗಿದ ಮಗುವಿಗೆ ಕಿವಿ ಚುಚ್ಚಿದಂತೆ. ಆದುದರಿಂದ ಹೊಸದಾಗಿ ಈ ಕೆಲಸಕ್ಕೆ ಕೈಹಾಕುವವರಿಗೆ ನಾವು ಹೇಳುವುದಿಷ್ಟೆ: ಕಟ್ಟುವ ದಿನವೇ ಸಾಗಿಸುವ ದಿನವನ್ನು ನೆನೆಯಿರಿ. ದಿಮ್ಮಿಯನ್ನು ಟೊಳ್ಳು ಮಾಡುವಾಗಲೇ ತಿರುಪು ಹಿಡಿಯುವಷ್ಟು ಮರವನ್ನು ತಳದಲ್ಲಿ ಉಳಿಸಿರಿ. ನಾವು ಮಾಡಿದ ವಸ್ತು ನಮ್ಮ ಮನೆಯಲ್ಲೇ, ನಮ್ಮ ಕೈಯಲ್ಲೇ ಕಡೆಯವರೆಗೂ ಇರುವುದೆಂಬ ಭರವಸೆ ಯಾರಿಗೂ ಇಲ್ಲ.

ತಂದೆಯವರ ಗಾಡಿಗೆ ಬಂಪರನ್ನು ಹೊಸದಾಗಿ ಮಾಡಿದೆವು. ಸೀಳಿದ ಕಂಬಕ್ಕೆ ಅಂಟು ಹಾಕಿದ್ದೇವೆ. ಹತ್ತಿರದಿಂದ ನೋಡಿದರೆ ಗೆರೆ ಕಾಣುತ್ತದೆ. ನಮ್ಮ ಮಗಳ ಮದುವೆ ನಿಶ್ಚಯವಾಗಿದೆ. ಅಜ್ಜಿಯ ಪಟ್ಟದ ಗೊಂಬೆಗಳು ಅವಳೊಡನೆ ಹೋಗತಕ್ಕುವು. ಅವುಗಳ ಕೆಳಗಿನ ಮೆಟ್ಟಿಲಲ್ಲಿ ತಾತನ ಗಾಡಿಯನ್ನೂ ಕೂರಿಸುತ್ತೇನೆಂದು ಅವಳು ಕೇಳಿದ್ದಾಳೆ. ಹಲಗೆ ಸಿದ್ಧವಾಗಿದೆ, ತಿರುಪುಗಳೂ ಸಿದ್ಧವಾಗಿವೆ.