ಟೊಂಕದ ಐದು ಮಣಿ



ಅಣ್ಣಿಗೇರಿಯ ಎರಿ ಹೊಲದಾಗ ದಿನವಿಡೀ ಬಾಗಿ ಹೆಸರುಕಾಯಿ ಬಿಡಿಸಿ ಬಂದರ ನಾವು ಹೇಳೋ ಮೊದಲ ಮಾತು, ‘ಟೊಂಕ ಹಿಡದೈತಿ.’ ಆ ಟೊಂಕದೊಳಗೆ ಏನಿದೆ, ತಿಳಿಯೋಣ.

ಬೆನ್ನೆಲುಬು ಒಂದೇ ಕೋಲಲ್ಲ, ಮಣಿಗಳ ಸರ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಟೊಂಕದಲ್ಲಿ 5. ಅದರ ಕೆಳಗಿನವು ಕೂಡಿಕೊಂಡಿವೆ. ಎದೆಯ ಮಣಿಗಳಿಗೆ 12 ಜೊತೆ ಪಕ್ಕೆಲುಬುಗಳ ಆಸರೆ ಇದೆ. ಟೊಂಕಕ್ಕೆ ಆ ಪಂಜರವಿಲ್ಲ; ಮೇಲಿನ ಭಾರವೆಲ್ಲ ಆ ಐದರ ಮೇಲೆ. ಅದಕ್ಕೇ ಕೊಡ ಎತ್ತುವಾಗ ಮೊಣಕಾಲು ಮಡಚಿ, ಮೈಗೆ ಹತ್ತಿರ ಹಿಡಿದು ಏಳೋಣ.

ಮಣಿಗಳ ನಡುವಿನ ಮೆತ್ತೆ ಜಾರಿ ನರ ಒತ್ತಿದರೆ ಕಾಲು ಜೋಮು ಹಿಡಿಯುತ್ತದೆ. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ನಾಚಿಕೆ ಬೇಡ. ಎಣ್ಣೆ ತಿಕ್ಕುತ್ತ ಕೂಡದೆ ಅಂದೇ ದವಾಖಾನೆಗೆ ಹೋಗಬೇಕು. ಸಂಘದ ಒಬ್ಬರು ಜೊತೆಗಿರಲಿ.

ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕದ ಜೊತೆ ಒಬ್ಬರ ಬೆನ್ನುನೋವನ್ನು ಇನ್ನೊಬ್ಬರು ಕೇಳೋಣ.