ಅಜ್ಜಿಗೆ ಪುರುಸೊತ್ತಿಲ್ಲ

(ಮಹಿಳಾ ವೇದಿಕೆಯು ಮಾರ್ಚ್ 9, 2025ರಂದು ಪುಣೆಯಲ್ಲಿ ನಡೆಸಿದ ಮಹಿಳಾ ದಿನದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)

ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ನಿಂತು ಈಗಷ್ಟೇ ಬಂದು ಹಿಂದಿನ ಕುರ್ಚಿಗಳಲ್ಲಿ ಕುಳಿತಿರುವ ಅಕ್ಕಂದಿರಿಗೆ ನಮಸ್ಕಾರ.

ನನಗಿಂತ ಮೊದಲು ಮಾತಾಡಿದವರು ಅಕ್ಕಮಹಾದೇವಿಯ ಬಗ್ಗೆ, ಕಿತ್ತೂರು ಚೆನ್ನಮ್ಮನ ಬಗ್ಗೆ ಬಹಳ ಚೆನ್ನಾಗಿ ಹೇಳಿದರು. ನಾನು ಹೇಳಬೇಕೆಂದಿರುವುದು ನನ್ನ ಅಜ್ಜಿಯ ಬಗ್ಗೆ, ತಾಯಿಯ ತಾಯಿ. ವಯಸ್ಸು 76. ಧಾರವಾಡ ಸೀಮೆಯ ಒಂದು ಊರಿನಲ್ಲಿ ಒಬ್ಬಳೇ ಇದ್ದಾಳೆ. ಏಕವಚನದಲ್ಲಿ ಹೇಳಿದೆ ಅಂತ ತಪ್ಪು ತಿಳಿಯಬೇಡಿ, ನಮ್ಮ ಕಡೆ ಅಜ್ಜಿಗೆ, ಅವ್ವಗೆ ಬಹುವಚನ ಹಚ್ಚುವುದಿಲ್ಲ. ಊರಿನ ಹೆಸರು ಮಾತ್ರ ಹೇಳುವುದಿಲ್ಲ. ಆ ಕಡೆಯವರು ಈ ಸಭೆಯಲ್ಲಿ ಹತ್ತು ಜನವಾದರೂ ಇದ್ದೀರಿ, ಸಂಜೆಯೊಳಗೆ ಅಜ್ಜಿಗೆ ಫೋನ್ ಹೋಗುತ್ತದೆ.

ಅಜ್ಜಿ ಕ್ರೈಸ್ತ ಸಭೆಯ ಹೆಂಗಸು. ನಾನು ಈ ಸಂಘಕ್ಕೆ ಬಂದ ಹೊಸದರಲ್ಲಿ "ನೀವು ಮನೆಯಲ್ಲಿ ಕೊಂಕಣಿ ಮಾತಾಡ್ತೀರೋ, ಇಂಗ್ಲಿಷೋ?" ಅಂತ ಪ್ರೀತಿಯಿಂದಲೇ ಕೇಳಿದವರಿದ್ದರು. ಕನ್ನಡ ರೀ. ಪ್ರಾರ್ಥನೆಯೂ ಕನ್ನಡ, ಜಗಳವೂ ಕನ್ನಡ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಕಾಲಿಟ್ಟರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ ಇಬ್ಬರೂ ಆ ಮಿಷನ್ನಿನವರೇ. ಅವರ ಹೆಸರು ನಿಮಗೆಲ್ಲ ಗೊತ್ತು. ಅವರು ಕಟ್ಟಿದ ಸಭೆಗಳಲ್ಲಿ ಕನ್ನಡದಲ್ಲೇ ಹಾಡಿಕೊಂಡು, ನೇಯ್ಗೆ ಮಾಡಿಕೊಂಡು, ಮಾಸ್ತರಿಕೆ, ನರ್ಸಿಂಗ್ ಮಾಡಿಕೊಂಡು ಐದಾರು ತಲೆಮಾರು ಬಾಳಿದ ಸಾಮಾನ್ಯ ಮನೆಗಳು ಅಷ್ಟು ಗೊತ್ತಿಲ್ಲ. ನಮ್ಮದು ಅಂಥದೊಂದು ಮನೆ. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆದಮೇಲೆ ನಾವು ಅದರೊಳಗೆ ಬಂದೆವು. ಅಜ್ಜಿಯ ಹಾಡಿನ ಪುಸ್ತಕದಲ್ಲಿ ಜರ್ಮನಿಯಿಂದ ಬಂದ ಧಾಟಿಗಳೂ ಇವೆ, ನಮ್ಮ ರಾಗ ತಾಳದ ಕೀರ್ತನೆಗಳೂ ಇವೆ. ಎರಡನ್ನೂ ಅವಳು ಒಂದೇ ರೀತಿ ಎಳೆದು ಎಳೆದು ಹಾಡುತ್ತಾಳೆ, ಅದು ಬೇರೆ ಮಾತು.

ಅವಳ ದಿನ ನಾಲ್ಕೂವರೆಗೆ ಶುರು. ಎದ್ದು, ಮುಖ ತೊಳೆದು, ದಪ್ಪ ಅಕ್ಷರದ ಸತ್ಯವೇದ ತೆಗೆದು ಒಂದು ಅಧ್ಯಾಯ ಗಟ್ಟಿಯಾಗಿ ಓದುತ್ತಾಳೆ. ಆಮೇಲೆ ಪ್ರಾರ್ಥನೆ. ಅದರಲ್ಲಿ ನಮ್ಮೆಲ್ಲರ ಹೆಸರೂ ಬರುತ್ತದೆ, ಜೊತೆಗೆ ಅವರವರ ತೊಂದರೆಯೂ ಬರುತ್ತದೆ. ನನ್ನ ಅಪ್ರೈಸಲ್ಲಿನ ವಿಷಯ ನನ್ನ ಗಂಡನಿಗೆ ಗೊತ್ತಾಗುವ ಮೊದಲು ದೇವರಿಗೆ ಗೊತ್ತಾಗಿತ್ತು. ಚಹಾ, ಹಿಟ್ಟು ಕಲಸಿ ನಾಲ್ಕು ಜೋಳದ ರೊಟ್ಟಿ, ಒಂದು ಪಲ್ಯ. ಒಬ್ಬಳಿಗೆ ನಾಲ್ಕು ರೊಟ್ಟಿ ಯಾಕೆ ಅಂತ ನಾನು ಬಹಳ ವರ್ಷ ಕೇಳಿರಲಿಲ್ಲ. ಎರಡು ರೊಟ್ಟಿ ಕಟ್ಟಿಕೊಂಡು ಒಂಬತ್ತೂವರೆಗೆ ಹೊರಡುತ್ತಾಳೆ, ಆ ರೊಟ್ಟಿ ಅವತ್ತಿನ ದಿನ ಯಾರಿಗೆ ಬೇಕೋ ಅವರಿಗೆ.

ಸೋಮವಾರ, ಗುರುವಾರ ಮನೆಭೇಟಿ. ಬುಧವಾರ ಸ್ತ್ರೀಯರ ಕೂಟ. ಶುಕ್ರವಾರ ಯಾರದಾದರೂ ಮನೆಯಲ್ಲಿ ಸಂಜೆಯ ಪ್ರಾರ್ಥನೆ. ಶನಿವಾರ ದೇವಾಲಯದ ಸ್ವಚ್ಛತೆ. ನಮ್ಮಲ್ಲಿ ಚರ್ಚಿಗೆ ದೇವಾಲಯ ಅಂತಲೇ ಅನ್ನುತ್ತೇವೆ. ಬೆಂಚು ಒರೆಸುವುದು, ಹೂ ಜೋಡಿಸುವುದು, ಮೇಜಿನ ಬಿಳಿ ಬಟ್ಟೆ ಒಗೆದು ಇಸ್ತ್ರಿ ಮಾಡುವುದು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ಇರುತ್ತದೆ. ಅದಕ್ಕೆ ಬೇಕಾದ ದ್ರಾಕ್ಷಾರಸವನ್ನು ಅಜ್ಜಿಯೇ ಮಾಡುವುದು. ಕಪ್ಪು ದ್ರಾಕ್ಷಿ ತಂದು, ತೊಳೆದು, ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ ಬಾಟಲಿಗೆ ಹಾಕುತ್ತಾಳೆ. ಬೀಜ ಒಡೆಯುವಷ್ಟು ಹಿಸುಕಿದರೆ ಒಗರಾಗುತ್ತದೆ ಅಂತ ಆ ಕೆಲಸ ಇನ್ನೊಬ್ಬರ ಕೈಗೆ ಕೊಡುವುದಿಲ್ಲ.

ಇನ್ನು ಹಬ್ಬಗಳ ಕೆಲಸ ಬೇರೆ. ಕ್ರಿಸ್ಮಸ್ಸಿಗೆ ಕರಚಿಕಾಯಿ, ಚಕ್ಕಲಿ, ಶಂಕರಪೋಳಿ ಮಾಡಿ ಓಣಿಯಲ್ಲಿ ಎಲ್ಲರ ಮನೆಗೂ ತಾಟು ಕಳಿಸುವುದು. ದೀಪಾವಳಿಗೆ ಅವರ ಮನೆಗಳಿಂದ ಬಂದ ತಾಟುಗಳ ಲೆಕ್ಕ ಅವಳ ತಲೆಯಲ್ಲೇ ಇರುತ್ತದೆ. ನಾವು ಮೊಮ್ಮಕ್ಕಳು ಕಾಯುತ್ತಿದ್ದುದು ಮಾತ್ರ ಸುಗ್ಗಿಯ ಹಬ್ಬಕ್ಕೆ. ಆ ದಿನ ಸಭೆಯವರು ತಮ್ಮ ತಮ್ಮ ಬೆಳೆಯನ್ನು ದೇವರ ಮುಂದೆ ತಂದಿಡುತ್ತಾರೆ. ಜೋಳ, ತೊಗರಿ, ಕುಂಬಳಕಾಯಿ, ತತ್ತಿ, ಜೀವಂತ ಕೋಳಿ. ಹೊಲ ಇಲ್ಲದವರು ಕೇಕು, ಉಪ್ಪಿನಕಾಯಿ, ಹೊಲಿದ ಚೀಲ ತರುತ್ತಾರೆ. ಆರಾಧನೆ ಮುಗಿದಮೇಲೆ ಅಂಗಳದಲ್ಲಿ ಲಿಲಾವು, ಹರಾಜು. ಒಂದು ವರ್ಷ ಕೂಗುವವರಿಗೆ ಗಂಟಲು ಕಟ್ಟಿತ್ತು ಅಂತ ಅಜ್ಜಿ ಎದ್ದು ನಿಂತಳು. ಅಲ್ಲಿಂದ ಆ ಕೆಲಸ ಅವಳದೇ. ಒಂದು ನಿಂಬೆಹಣ್ಣು ಎತ್ತಿ ಹಿಡಿದು, "ಮಗ ದುಬೈದಾಗ ಅದಾನ, ಅಪ್ಪ ಐವತ್ತು ರೂಪಾಯಿಗೆ ನಿಂತಾನ, ಇದೇನ್ರೀ ಕಾಕಾ?" ಅಂತ ಎದುರಿಗಿದ್ದವರ ಹೆಸರು ಹಿಡಿದು ಕೂಗಿದರೆ ಆ ಕಾಕಾ ಎರಡು ಸಾವಿರಕ್ಕೆ ಹೋಗಲೇಬೇಕು. ಸೇಲ್ಸಿನ ತರಬೇತಿಗೆ ನಮ್ಮ ಕಂಪನಿ ಖರ್ಚು ಮಾಡುವ ದುಡ್ಡು ನೋಡಿದಾಗಲೆಲ್ಲ ನನಗೆ ಆ ನಿಂಬೆಹಣ್ಣು ನೆನಪಾಗುತ್ತದೆ.

ಇಷ್ಟೆಲ್ಲ ಮಾಡುವ ಅಜ್ಜಿ ಯಾವತ್ತೂ ಸಭೆಯ ಕಮಿಟಿಯಲ್ಲಿ ಕೂತಿಲ್ಲ. ಚುನಾವಣೆಗೆ ನಿಲ್ಲು ಅಂದವರಿಗೆ, "ಅಲ್ಲಿ ನಾ ಕುಂತ್ರ ಇಲ್ಲಿ ಕೆಲಸ ಯಾರು ಮಾಡ್ತಾರ?" ಅಂದುಬಿಡುತ್ತಾಳೆ. ಈ ಒಂದು ವಿಷಯದಲ್ಲಿ ನನಗೂ ಅವಳಿಗೂ ಜಗಳ. ಸಿ.ಎಸ್.ಐ. ಸಭೆಯಲ್ಲಿ ಹೆಂಗಸರು ಪಾದ್ರಿಗಳಾಗಬಹುದು, ಆಗಿದ್ದಾರೆ. 2013ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತಾ ಎಂಬವರು ಬಿಷಪ್ ಕೂಡ ಆದರು. ದಾರಿ ತೆರೆದಿದೆ ಅಜ್ಜಿ, ದುಡ್ಡು ಕೂಡಿಸುವವರು ನೀವು, ಅದು ಎಲ್ಲಿ ಖರ್ಚಾಗಬೇಕು ಅಂತ ಹೇಳುವವರೂ ನೀವಾಗಬೇಡವೇ ಅನ್ನುತ್ತೇನೆ. ಅವಳು ನಗುತ್ತಾಳೆ. ನನಗೆ ಆ ನಗು ಒಪ್ಪಿಗೆಯಿಲ್ಲ. ಇದು ಬರೀ ಚರ್ಚಿನ ಮಾತಲ್ಲ. ಮಠ, ದೇವಸ್ಥಾನ, ನಮ್ಮಂಥ ಸಂಘ, ಎಲ್ಲ ಕಡೆ ಪಾತ್ರೆಯ ಹತ್ತಿರ ಹೆಂಗಸರು, ಪಾವತಿ ಪುಸ್ತಕದ ಹತ್ತಿರ ಗಂಡಸರು. ಈ ಮಾತಿಗೆ ಹಿಂದಿನ ಕುರ್ಚಿಗಳಿಂದ ಚಪ್ಪಾಳೆ ಬಂತು, ಧನ್ಯವಾದ.

ಈಗ ಆ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಅಜ್ಜಿಯ ಕೈಚೀಲದಲ್ಲಿ ನೂರು ಪುಟದ ಒಂದು ಶಾಲೆಯ ನೋಟ್‌ಬುಕ್ ಇದೆ. ಒಂದೊಂದು ಮನೆಗೆ ಒಂದೊಂದು ಪುಟ. ಮನೆಯಲ್ಲಿ ಯಾರಿದ್ದಾರೆ, ಯಾವ ಗುಳಿಗೆ, ಇನ್ಸುಲಿನ್ ಎಷ್ಟು ಹೊತ್ತಿಗೆ, ಕಣ್ಣು ಕಾಣಿಸುತ್ತದೋ ಇಲ್ಲವೋ, ಮಕ್ಕಳ ಫೋನ್ ನಂಬರು, ಕೊನೆಯ ಬಾರಿ ಹೋಗಿದ್ದು ಯಾವಾಗ. ಒಟ್ಟು 31 ಮನೆ. ಎಲ್ಲವೂ ವಯಸ್ಸಾದವರು ಒಬ್ಬರೇ ಅಥವಾ ಇಬ್ಬರೇ ಇರುವ ಮನೆಗಳು, ಅದರಲ್ಲಿ ಕ್ರೈಸ್ತರಲ್ಲದವರ ಮನೆ ಆರೋ ಏಳೋ ಇವೆ. ಮಕ್ಕಳ ವಿಳಾಸ ನೋಡಿದರೆ ಬೆಂಗಳೂರು, ಪುಣೆ, ಮುಂಬೈ, ಮಸ್ಕತ್, ಟೊರಾಂಟೊ. ನನ್ನ ಕೆಲಸವೇ ಡೇಟಾ. ಆದರೂ ಆ ಪುಟಗಳನ್ನು ಕೂತು ಓದಲು ನನಗೆ ಸುಲಭವಾಗಲಿಲ್ಲ. "ಮಗ ಎರಡು ವರ್ಷದಿಂದ ಬಂದಿಲ್ಲ, ಕೇಳಬಾರದು" ಅಂತ ಒಂದು ಪುಟದಲ್ಲಿ ಬರೆದಿದ್ದಾಳೆ. "ಉಪ್ಪು ಕಡಿಮೆ, ಮಾತು ಹೆಚ್ಚು ಬೇಕು" ಅಂತ ಇನ್ನೊಂದರಲ್ಲಿ.

ಕಳೆದ ನವೆಂಬರಿನಲ್ಲಿ ಅಜ್ಜಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಬಿದ್ದಿದ್ದು ಐದಕ್ಕೆ, ಗೊತ್ತಾಗಿದ್ದು ಏಳಕ್ಕೆ, ಹಾಲಿನವನು ಬಾಗಿಲು ಬಡಿದಾಗ. ಆ ಎರಡು ತಾಸಿನ ಮಾತು ನಮ್ಮ ಮನೆಯಲ್ಲಿ ಈಗಲೂ ಯಾರೂ ಎತ್ತುವುದಿಲ್ಲ.

ಬೆಂಗಳೂರಿನ ಸೋದರಮಾವ ಅವತ್ತೇ ಹೇಳಿದರು, ಇನ್ನು ಅವ್ವ ಅಲ್ಲಿ ಒಬ್ಬಳೇ ಇರುವುದು ಬೇಡ, ಮನೆ ಬಾಡಿಗೆಗೆ ಕೊಡೋಣ, ಆರು ತಿಂಗಳು ನಮ್ಮಲ್ಲಿ, ಆರು ತಿಂಗಳು ಪುಣೆಯಲ್ಲಿ. ಅವರ ಮಾತು ತಪ್ಪಲ್ಲ. ಇನ್ನೊಂದು ಸಲ ಬಿದ್ದರೆ, ಅವತ್ತು ಹಾಲಿನವನು ರಜೆ ಹಾಕಿದ್ದರೆ? ಇಲ್ಲಿ ಕುಳಿತವರಲ್ಲಿ ಎಷ್ಟು ಜನ ಇದೇ ಪ್ರಶ್ನೆ ಇಟ್ಟುಕೊಂಡು ರಾತ್ರಿ ಮಲಗುತ್ತೀರಿ ಅಂತ ನನಗೆ ಗೊತ್ತು.

ಅಮ್ಮ ಎರಡು ವಾರ ರಜೆ ಹಾಕಿ ಹೋದಳು. ಆಮೇಲೆ ನಾನು ಒಂದು ವಾರ ಅಲ್ಲಿಂದಲೇ ಆಫೀಸಿನ ಕೆಲಸ ಮಾಡಿದೆ. ಕರೆದುಕೊಂಡು ಬರಲು ಒಪ್ಪಿಸಬೇಕು ಅನ್ನುವುದು ನನಗೆ ವಹಿಸಿದ್ದ ಕೆಲಸ. ಹೋಗಿ ನೋಡಿದರೆ ಮನೆಯಲ್ಲಿ ಪಾಳಿ ನಡೆದಿದೆ. ಬೆಳಗಿನ ಚಹಾಕ್ಕೆ ಒಬ್ಬರು, ತಲೆ ಬಾಚಿ ಜಡೆ ಹಾಕಲು ಒಬ್ಬರು, ರೊಟ್ಟಿ ತರಲು ಇಬ್ಬರು. ಎದುರು ಮನೆಯ ಲಿಂಗಾಯತರ ಅಕ್ಕ ಅಮ್ಮ ಬರುವವರೆಗೆ ರಾತ್ರಿ ಅಲ್ಲೇ ಮಲಗುತ್ತಿದ್ದರಂತೆ. ಒಂದೇ ದಿನ ಹದಿನಾಲ್ಕು ಜನ ಬಂದರು, ನಾನೇ ಎಣಿಸಿದೆ. ನಾನು ಮೀಟಿಂಗಿನಲ್ಲಿದ್ದರೆ ಹಿಂದೆ ನಾಲ್ಕು ಜನ ಕೂಡಿ ಪ್ರಾರ್ಥನೆ, ನನಗೆ ಮ್ಯೂಟ್ ಒತ್ತುವುದು ತೆಗೆಯುವುದೇ ಕೆಲಸ. ಬಂದವರಲ್ಲಿ ಒಬ್ಬ ಅಜ್ಜ ಕೋಲೂರಿಕೊಂಡು ಬಂದು, ಏನೂ ಮಾತಾಡದೆ ಅರ್ಧ ತಾಸು ಕೂತು ಹೋದರು. ಅವರು ನೋಟ್‌ಬುಕ್ಕಿನ ಒಂಬತ್ತನೇ ಮನೆ.

ರಾತ್ರಿ ವಿಷಯ ತೆಗೆದೆ. ಅಜ್ಜಿ ಅಂದಳು, "ನಾ ಬರೂದಿಲ್ಲ ಅಂತಲ್ಲ ಯವ್ವಾ. ಬಂದು ಏನ್ ಮಾಡ್ಲಿ? ನೀವಿಬ್ಬರೂ ಕೆಲಸಕ್ಕ ಹೋಗ್ತೀರಿ, ನಾ ಲಿಫ್ಟಿನ ಸಪ್ಪಳ ಕೇಳ್ಕೋತ ಕೂಡ್ಲೇನು? ಇಲ್ಲಿ ಮೂವತ್ತೊಂದು ಮನಿ ಅದಾವ. ಅವರ ಮಕ್ಕಳೂ ನಿನ್ನಂಗ ದೂರ ಅದಾರ. ನಾ ಹೊಂಟ್ರ ಅವರನ್ನ ಯಾರ್ ನೋಡ್ಬೇಕು?" ನಾನು, "ನಿನ್ನನ್ನು ಯಾರು ನೋಡಬೇಕು ಅಜ್ಜಿ?" ಅಂದೆ. "ನೋಡಾಕತ್ತಾರಲ್ಲ, ನಿನ್ನ ಕಣ್ಣಿಗೆ ಕಾಣವಲ್ದೇನು?" ಅಂದಳು.

ಒಪ್ಪಿಸಲು ಹೋದವಳು ಮಾವನಿಗೆ ಫೋನ್ ಮಾಡಿ ಅಜ್ಜಿಯ ಪರ ವಾದ ಮಾಡಿದೆ. ಮೂರು ಸಲ ವಿಡಿಯೋ ಕಾಲ್ ಆಯಿತು, ಒಂದು ಸಲ ಮಾವ ಸಿಟ್ಟಿನಿಂದ ಕಟ್ ಮಾಡಿದರು. ಕೊನೆಗೆ ಒಪ್ಪಂದಕ್ಕೆ ಬಂದೆವು. ಬಚ್ಚಲಿಗೆ ಜಾರದ ಟೈಲ್ಸು, ಗೋಡೆಗೆ ಸ್ಟೀಲಿನ ಹಿಡಿಕೆ. ಮೊಬೈಲು ಕೊರಳಲ್ಲಿ, ಬಚ್ಚಲಿಗೂ ಸಹ. ಎದುರು ಮನೆಯ ಅಕ್ಕನ ಹತ್ತಿರ ಒಂದು ಬೀಗದ ಕೈ. ದಿನಾ ಬೆಳಿಗ್ಗೆ ಐದೂವರೆಗೆ ಅಜ್ಜಿ ಅವತ್ತು ಓದಿದ ವಾಕ್ಯವನ್ನು ಮನೆಯ ವಾಟ್ಸಾಪ್ ಗುಂಪಿನಲ್ಲಿ ದನಿಯಲ್ಲಿ ಕಳಿಸಬೇಕು. ಆರರವರೆಗೆ ಬರದಿದ್ದರೆ ನಾವು ಎದುರು ಮನೆಗೆ ಫೋನ್ ಮಾಡುತ್ತೇವೆ. ಜನವರಿಯಲ್ಲಿ ಒಂದು ದಿನ ಬರಲಿಲ್ಲ. ಅಕ್ಕ ಬೀಗ ತೆಗೆದು ಒಳಗೆ ಹೋದರೆ ಮನೆ ಖಾಲಿ. ರಾತ್ರಿ ಯಾರೋ ತೀರಿಕೊಂಡಿದ್ದರಂತೆ, ಅಜ್ಜಿ ನಾಲ್ಕಕ್ಕೇ ಎದ್ದು ಆ ಮನೆಗೆ ಹೋಗಿದ್ದಳು. ಅವತ್ತು ಮಾವ ಕೂಗಾಡಿದ್ದು ಪುಣೆಗೆ ಫೋನಿಲ್ಲದೆಯೂ ಕೇಳಿಸಬಹುದಿತ್ತು.

ಪ್ಲಾಸ್ಟರು ತೆಗೆದಮೇಲೆ ಕೈ ಮೊದಲಿನಂತಿಲ್ಲ, ದ್ರಾಕ್ಷಿ ಹಿಂಡಲು ಆಗುವುದಿಲ್ಲ. ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾಳೆ, ಸಮಾಧಾನವಿಲ್ಲ. ಹನ್ನೆರಡು ಮನೆಗಳನ್ನು ಇಬ್ಬರು ಹುಡುಗಿಯರಿಗೆ ಒಪ್ಪಿಸಿದ್ದಾಳೆ. ಹುಡುಗಿಯರು ಅಂದರೆ ಇಬ್ಬರಿಗೂ ಐವತ್ತು ದಾಟಿದೆ. ಅವರು ತಮ್ಮ ಹೊಸ ನೋಟ್‌ಬುಕ್ಕಿನಲ್ಲಿ ಅಜ್ಜಿಯ ಮನೆಗೂ ಒಂದು ಪುಟ ತೆಗೆದಿದ್ದು ಗೊತ್ತಾಗಿ ಎರಡು ದಿನ ಸಿಟ್ಟು ಮಾಡಿಕೊಂಡಿದ್ದಳು.

ಮೊನ್ನೆ ಶುಕ್ರವಾರ, ಮಾರ್ಚ್ 7, ವಿಶ್ವ ಪ್ರಾರ್ಥನಾ ದಿನ ಇತ್ತು. ಪ್ರತಿವರ್ಷ ಮಾರ್ಚಿನ ಮೊದಲ ಶುಕ್ರವಾರ ಲೋಕದ ಎಲ್ಲ ಕಡೆ ಹೆಂಗಸರು ನಡೆಸುವ ಆರಾಧನೆ ಅದು. ಒಂದೊಂದು ವರ್ಷ ಒಂದೊಂದು ದೇಶದ ಹೆಂಗಸರು ಅದನ್ನು ಬರೆದು ಕಳಿಸುತ್ತಾರೆ. ಈ ಸಲ ಕುಕ್ ದ್ವೀಪಗಳವರು. ಅಜ್ಜಿ ಹಿಂದಿನ ರಾತ್ರಿ ಫೋನ್ ಮಾಡಿ, ಆ ದೇಶ ಎಲ್ಲಿದೆ ತೋರಿಸು ಅಂದಳು. ವಿಡಿಯೋದಲ್ಲಿ ನಕಾಶೆ ತೋರಿಸಿದೆ. ಪೆಸಿಫಿಕ್ ಸಮುದ್ರದ ನಡುವೆ ಹದಿನೈದು ದ್ವೀಪ, ಎಲ್ಲ ಸೇರಿ ಹದಿನೈದು ಸಾವಿರದಷ್ಟು ಜನ. "ಇಷ್ಟ ಮಂದಿ? ನಮ್ಮ ಜಾತ್ರಿಗೆ ಇದಕ್ಕಿಂತ ಹೆಚ್ಚು ಕೂಡ್ತಾರ" ಅಂದಳು. ಅವರು ಒಬ್ಬರಿಗೊಬ್ಬರು 'ಕಿಯಾ ಓರಾನಾ' ಅನ್ನುತ್ತಾರೆ, ದೀರ್ಘಕಾಲ ಬಾಳು ಅಂತ ಅರ್ಥ. ಅದನ್ನು ಹತ್ತು ಸಲ ಬಾಯಿಪಾಠ ಮಾಡಿಕೊಂಡಳು. ಮರುದಿನ ಗುಳಿಗೆ ತರಲು ಹೋದಾಗ ಔಷಧಿ ಅಂಗಡಿಯವನಿಗೂ ಹೇಳಿದಳಂತೆ.

ಈಗ ಅವಳಿಗೆ ಈಸ್ಟರಿನವರೆಗೆ ಪುರುಸೊತ್ತಿಲ್ಲ. ಈ ಸಲ ಅದು ಏಪ್ರಿಲ್ 20ಕ್ಕೆ. ಆಮೇಲೆ ಮಕ್ಕಳ ರಜಾ ಶಾಲೆ. ಮೇ ತಿಂಗಳ ಕೊನೆಗೆ ಮೂರು ವಾರಕ್ಕೆ ಪುಣೆಗೆ ಬರಲು ಒಪ್ಪಿದ್ದಾಳೆ, ಟಿಕೆಟ್ ತೆಗೆಸಿದ್ದೇನೆ. ಬರುವ ಮೊದಲು ನನಗೊಂದು ಕೆಲಸ ಹಚ್ಚಿದ್ದಾಳೆ: "ನಿಮ್ಮ ಕನ್ನಡ ಸಂಘದಾಗ ಯಾರ್ಯಾರ ಮನ್ಯಾಗ ಮುದುಕರು ಹಗಲೆಲ್ಲ ಒಬ್ಬರೇ ಇರ್ತಾರ, ಪಟ್ಟಿ ಮಾಡಿ ಇಡು." ಜಾತಿ, ಧರ್ಮ, ಊರು ಯಾವುದೂ ಕೇಳಿಲ್ಲ. ಮಧ್ಯಾಹ್ನ ಮಾತಾಡಲು ಕನ್ನಡ ಬೇಕು ಅನ್ನುವವರಾದರೆ ಸಾಕಂತೆ. ನಾನು ಬಾಗಿಲ ಹತ್ತಿರ ಚಹಾದ ಮೇಜಿನ ಪಕ್ಕ ನೋಟ್‌ಬುಕ್ ಇಟ್ಟುಕೊಂಡು ನಿಂತಿರುತ್ತೇನೆ. ಅತ್ತೆ, ಮಾವ, ತಾಯಿ, ತಂದೆ ಯಾರೇ ಇರಲಿ, ಹೆಸರು, ಫ್ಲ್ಯಾಟ್ ನಂಬರು ಬರೆಸಿ. ಗುಳಿಗೆಯ ಹೆಸರು ಅವಳೇ ಬಂದು ಕೇಳಿಕೊಳ್ಳುತ್ತಾಳೆ.