ಹೊರುವವನ ಭುಜ, ಹಾರಿಸುವವನ ಕೈ



ಶಿಕಾರಿ ಕಥೆಗಳಲ್ಲಿ ಹುಲಿ ಎಷ್ಟು ಅಡಿ ಉದ್ದವಿತ್ತು ಅನ್ನುವುದು ತಪ್ಪದೇ ಬರುತ್ತದೆ. ಕೋವಿ ಎಷ್ಟು ಉದ್ದವಿತ್ತು, ಎಷ್ಟು ಭಾರವಿತ್ತು, ಅದನ್ನು ಹೊತ್ತವರು ಯಾರು ಅನ್ನುವುದು ಬರುವುದು ಅಪರೂಪ. ಮಚಾನಿನ ಮೇಲೆ ಕೂತವನಿಗೆ ಈ ಲೆಕ್ಕ ಅಷ್ಟಾಗಿ ಬೇಕಿಲ್ಲ, ಕಾಲ್ನಡಿಗೆಯಲ್ಲಿ ಹೋಗುವವನಿಗೆ ಬೇಕೇ ಬೇಕು. ಆ ಲೆಕ್ಕದ ಚರಿತ್ರೆಯನ್ನೇ ಇವತ್ತು ಹೇಳುತ್ತೇನೆ.

18ನೇ ಶತಮಾನದಲ್ಲಿ ಜರ್ಮನ್ ಸೀಮೆಯಿಂದ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗಿ ನೆಲೆಸಿದ ಕೋವಿ ಕಮ್ಮಾರರು ತಮ್ಮೂರಿನ ಯೇಗರ್ ರೈಫಲ್ಲಿನ ಕಸುಬನ್ನೂ ಜೊತೆಗೆ ಒಯ್ದರು. ಅದರ ನಳಿಗೆ ಸುಮಾರು 30 ಇಂಚು, ತೂತು ದೊಡ್ಡದು. ಲ್ಯಾಂಕಾಸ್ಟರ್ ಸುತ್ತಲಿನ ಕುಲುಮೆಗಳಲ್ಲಿ ಅದು ಬೇರೆಯೇ ರೂಪ ತಾಳಿತು. ನಳಿಗೆ 40 ಇಂಚು ದಾಟಿತು, ತೂತು ಕಿರಿದಾಯಿತು. ವಾರಗಟ್ಟಲೆ ಕಾಡಿನಲ್ಲಿರುವ ಬೇಟೆಗಾರ ಸೀಸವನ್ನೂ ಮದ್ದನ್ನೂ ತಾನೇ ಹೊರಬೇಕಲ್ಲ! ಗುಂಡು ಚಿಕ್ಕದಾದರೆ ಅದೇ ಸೀಸದಲ್ಲಿ ಹೆಚ್ಚು ಗುಂಡು ಎರಕ ಹೊಯ್ಯಬಹುದು. ಉದ್ದದ ನಳಿಗೆಯಲ್ಲಿ ಮದ್ದಿನ ತಳ್ಳು ಗುಂಡಿಗೆ ಹೆಚ್ಚು ಹೊತ್ತು ಸಿಗುತ್ತದೆ, ಕಣ್ಣಿನ ಹತ್ತಿರದ ಗುರಿಕಂಡಿಗೂ ತುದಿಯ ಮೊನೆಗೂ ಅಂತರ ಹೆಚ್ಚಿ ಗುರಿ ನಿಖರವಾಗುತ್ತದೆ. ಮುಂದೆ 19ನೇ ಶತಮಾನದಲ್ಲಿ ಬೇಟೆಗಾರರು ಕುದುರೆ ಏರಿ ಪಶ್ಚಿಮದ ಬಯಲುಗಳತ್ತ ಹೊರಟಾಗ, ಸೇಂಟ್ ಲೂಯಿಸ್‌ನ ಹಾಕೆನ್ ಸಹೋದರರು ನಳಿಗೆಯನ್ನು ಗಿಡ್ಡ ಮಾಡಿದರು, ದಪ್ಪವನ್ನೂ ಮಾಡಿದರು. ಭಾರ ಹೊರಲು ಈಗ ಕುದುರೆ ಇತ್ತು.

ದೊಡ್ಡ ಪ್ರಾಣಿಗಳ ಬೇಟೆಯಲ್ಲಿ ಕಥೆ ಇನ್ನೊಂದು ದಿಕ್ಕು ಹಿಡಿಯಿತು. ಕರಿಮದ್ದು ಗುಂಡಿಗೆ ಕೊಡುವ ವೇಗಕ್ಕೆ ಒಂದು ಮಿತಿಯಿದೆ. ಪೆಟ್ಟು ಜೋರಾಗಬೇಕೆಂದರೆ ಗುಂಡನ್ನೇ ದೊಡ್ಡದು ಮಾಡಬೇಕು. ಗುಂಡು ದೊಡ್ಡದಾದರೆ ಕೋವಿ ಒದೆಯುತ್ತದೆ. ಒದೆತ ತಡೆಯಬೇಕೆಂದರೆ ಕೋವಿ ಭಾರವಾಗಬೇಕು. ಅದೇ ಗುಂಡು, ಅದೇ ಮದ್ದು ಇಟ್ಟು ಕೋವಿಯ ತೂಕವನ್ನು ಅರ್ಧಕ್ಕಿಳಿಸಿದರೆ ಭುಜಕ್ಕೆ ಬರುವ ಒದೆತದ ಶಕ್ತಿ ಹೆಚ್ಚುಕಮ್ಮಿ ಇಮ್ಮಡಿ. ಸಿಲೋನಿನಲ್ಲಿ ಆನೆ ಹೊಡೆಯುತ್ತಿದ್ದ ಸ್ಯಾಮುಯೆಲ್ ಬೇಕರ್, ಬ್ರಿಸ್ಟಲ್‌ನ ಗಿಬ್ಸ್ ಕೈಯಲ್ಲಿ 1840ರಲ್ಲಿ ಮಾಡಿಸಿಕೊಂಡ ರೈಫಲ್ 21 ಪೌಂಡ್ ತೂಗುತ್ತಿತ್ತು, ಅಂದರೆ ಒಂಬತ್ತೂವರೆ ಕೆಜಿ. ನಳಿಗೆ 36 ಇಂಚು. ಬೇಕರನ ಹಿಂದೆ ಕೋವಿ ಹೊರುವ ಆಳುಗಳಿದ್ದರು. ಬೇಕರನ ಪುಸ್ತಕದ ಮುಖಪುಟದಲ್ಲಿ ಅವರ ಹೆಸರಿಲ್ಲ, ಆದರೆ ಆ ಒಂಬತ್ತೂವರೆ ಕೆಜಿ ನಡೆದದ್ದು ಅವರಿಂದ.

ಇನ್ನು ಆನೆ ಬೇಟೆಗಾರ ಫ್ರೆಡರಿಕ್ ಸೆಲೂ. 1871ರಲ್ಲಿ, 19ರ ಹುಡುಗ, ದಕ್ಷಿಣ ಆಫ್ರಿಕಾಕ್ಕೆ ಬಂದಿಳಿದ. ಆನೆಗಳು ಉಳಿದಿದ್ದ ಸೀಮೆಯಲ್ಲಿ ಟ್ಸೆಟ್ಸೆ ನೊಣ ಕುದುರೆಗಳನ್ನು ಕೊಲ್ಲುತ್ತಿದ್ದುದರಿಂದ ಅಲ್ಲಿ ಕಾಲೇ ಗತಿ. ಅವನ ಕೈಯಲ್ಲಿದ್ದದ್ದು ಬರ್ಮಿಂಗ್‌ಹ್ಯಾಮಿನ ಹಾಲಿಸ್ ತಯಾರಿಸಿದ ಅಗ್ಗದ ಕೋವಿ. ಬಾತುಕೋಳಿ ಹೊಡೆಯಲು ಮಾಡಿದ್ದು. ಗುಂಡಿನ ತೂಕ ನಾಲ್ಕು ಔನ್ಸ್, ಅಂದರೆ 110 ಗ್ರಾಮಿಗೂ ಮೇಲೆ. ಕೋವಿಯ ತೂಕವೋ, ಬೇಕರನದಕ್ಕಿಂತ ಎಷ್ಟೋ ಕಡಿಮೆ, ಹದಿಮೂರು ಪೌಂಡಿನ ಆಸುಪಾಸು. ಓಡಲು ಅನುಕೂಲ, ಹಾರಿಸಲು ಘೋರ. ಪಕ್ಕದಲ್ಲಿ ತೊಗಲಿನ ಚೀಲ, ಅದರೊಳಗೆ ಬಿಡಿ ಮದ್ದು. ಓಡುತ್ತಲೇ ಕೈ ಹಾಕಿ, ಅಳತೆಯಿಲ್ಲದೆ ಹಿಡಿಯಷ್ಟು ತೆಗೆದು ನಳಿಗೆಗೆ ಸುರಿಯುತ್ತಿದ್ದ. ಒಮ್ಮೆ ಕೇಪು ಹಾರದ ಕೋವಿಗೆ ಜೊತೆಯವನು ಮತ್ತೊಂದು ಸಲ ಮದ್ದುಗುಂಡು ತುಂಬಿಬಿಟ್ಟ. ಸೆಲೂ ಹಾರಿಸಿದ. ಕೋವಿ ಅವನ ಭುಜದ ಮೇಲಿಂದ ಹಾರಿ ಹಿಂದೆ ಬಿತ್ತು, ಅವನು ಮುಖ ಅಡಿಯಾಗಿ ಮರಳಿಗೆ ಬಿದ್ದ. ಆ ಕೋವಿಗಳ ಒದೆತ ತನ್ನ ನರಗಳನ್ನೇ ಕೆಡಿಸಿತೆಂದು ಮುಂದೆ ಹೇಳಿಕೊಂಡ. ಹಗುರ ಕೋವಿಯ ಗುಣಗಾನ ಮಾಡುವವರಿಗೆ ನಾನು ಮೊದಲು ಹೇಳುವುದು ಈ ಪ್ರಸಂಗವನ್ನೇ.

ಬಿಡುಗಡೆ ಬಂದದ್ದು ಫ್ರಾನ್ಸಿನ ಪ್ರಯೋಗಶಾಲೆಯಿಂದ. 1884ರಲ್ಲಿ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದು ತಯಾರಿಸಿದ. ಈಗ ತೆಳ್ಳನೆಯ ಗುಂಡನ್ನು ಸೆಕೆಂಡಿಗೆ 700 ಮೀಟರ್ ವೇಗದಲ್ಲಿ ಕಳಿಸಬಹುದಾಯಿತು. 20ನೇ ಶತಮಾನದ ಆರಂಭದಲ್ಲಿ, ಸ್ಕಾಟ್ಲೆಂಡಿನ ಡಬ್ಲ್ಯೂ.ಡಿ.ಎಂ. ಬೆಲ್ 7 ಮಿಲಿಮೀಟರ್ ಮೌಸರ್ ಹಿಡಿದು ಪೂರ್ವ ಆಫ್ರಿಕಾದಲ್ಲಿ ಆನೆಗಳ ಬೆನ್ನು ಹತ್ತಿದ. ಗುಂಡಿನ ತೂಕ ಸುಮಾರು 11 ಗ್ರಾಂ, ಸೆಲೂನ ಗುಂಡಿನ ಹತ್ತನೇ ಒಂದು ಭಾಗ. ಆನೆಯ ಬುರುಡೆಯನ್ನು ಗರಗಸದಿಂದ ಸೀಳಿ ಮಿದುಳು ಎಲ್ಲಿದೆ ಎಂದು ನೋಡಿಕೊಂಡಿದ್ದವನು ಅವನು. ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ. ಈಗ ಓದಿದರೆ ಮನಸ್ಸು ಮುದುಡುತ್ತದೆ. ಆದರೂ ಹಗುರ ರೈಫಲ್ ಕೈ ಸೋಲಿಸುವುದಿಲ್ಲ, ಸೋಲದ ಕೈ ಗುರಿ ತಪ್ಪುವುದಿಲ್ಲ ಎಂಬ ಅವನ ಲೆಕ್ಕ ಸರಿಯಾಗಿಯೇ ಇತ್ತು.

ಅದೇ 7 ಮಿಲಿಮೀಟರ್ ತೋಟಾದ ರಿಗ್ಬಿ ರೈಫಲ್ ನಮಗೆಲ್ಲ ಗೊತ್ತಿರುವ ಜಿಮ್ ಕಾರ್ಬೆಟ್ ಹತ್ತಿರವೂ ಇತ್ತು. 1907ರಲ್ಲಿ ಚಂಪಾವತದ ನರಭಕ್ಷಕಿಯನ್ನು ಕೊಂದದ್ದಕ್ಕೆ ಬಂದ ಬಹುಮಾನ ಅದು. 1930ರ ಏಪ್ರಿಲ್, ಚೌಗಢ. ಎಡಗೈಯಲ್ಲಿ ಹಕ್ಕಿಯ ಎರಡು ಮೊಟ್ಟೆ, ಬಲಗೈಯಲ್ಲಿ ಎದೆಗಡ್ಡ ಹಿಡಿದ ಹಗುರ ರೈಫಲ್. ದೊಡ್ಡ ಬಂಡೆಯೊಂದನ್ನು ದಾಟಿ ಹಿಂತಿರುಗಿ ನೋಡಿದರೆ ಕೆಲವೇ ಅಡಿ ದೂರದಲ್ಲಿ ಹೆಣ್ಣುಹುಲಿ. ಥಟ್ಟನೆ ತಿರುಗಿದರೆ ಅದು ಎರಗುತ್ತದೆ. ಕಣ್ಣಲ್ಲಿ ಕಣ್ಣಿಟ್ಟು, ಒಂದೇ ಕೈಯಲ್ಲಿ, ನಳಿಗೆಯನ್ನು ಇಂಚಿಂಚಾಗಿ ಮುಕ್ಕಾಲು ಸುತ್ತು ತಿರುಗಿಸಿ ಕುದುರೆ ಎಳೆದರು. ಬದುಕುಳಿದದ್ದಕ್ಕೆ ಕಾರ್ಬೆಟ್ ಕೊಟ್ಟ ಕಾರಣಗಳಲ್ಲಿ ರೈಫಲ್ಲಿನ ಹಗುರತನವೂ ಒಂದು. ಭಾರದ ಜೋಡುನಳಿಗೆ ಆಗಿದ್ದರೆ ಮಣಿಕಟ್ಟು ಅಲ್ಲೇ ಸೋಲುತ್ತಿತ್ತು.

ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್, ತೇಜಸ್ವಿಯವರ ಮೂಲಕ ಕನ್ನಡದ ಮನೆಮನೆಗೆ ಬಂದವರು, .405 ವಿಂಚೆಸ್ಟರ್ ಹಿಡಿದು ನಡೆದರು. ಗುಂಡು ದಪ್ಪ, ತೂಕ ನಾಲ್ಕು ಕೆಜಿಯ ಆಸುಪಾಸು. ನಡುದಾರಿ ಅನ್ನಬಹುದು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಚರ್ಚೆಗೆ ತೆರೆ ಎಳೆಯಿತು. ಹೊರದೇಶಗಳಲ್ಲಿ ಚರ್ಚೆ ನಿಂತಿಲ್ಲ. ದಟ್ಟ ಪೊದೆಯಲ್ಲಿ ಉದ್ದ ನಳಿಗೆ ಬಳ್ಳಿಗೆ ಸಿಕ್ಕುತ್ತದೆ. ಅದಕ್ಕೇ 1894ರ ವಿಂಚೆಸ್ಟರ್ ಕಾರ್ಬೈನಿಗೆ 20 ಇಂಚಿನ ನಳಿಗೆ, ಆಸ್ಟ್ರಿಯಾದ 1903ರ ಮಾನ್‌ಲಿಕರ್ ಕಾರ್ಬೈನಿಗೆ 18ರ ಸುಮಾರು. ಗಿಡ್ಡವಾದಷ್ಟೂ ಗುಂಡಿನ ವೇಗ ತುಸು ಇಳಿಯುತ್ತದೆ, ಸದ್ದು ಮತ್ತು ಬೆಂಕಿ ಏರುತ್ತವೆ. ಕೋವಿಗಳ ಬಗ್ಗೆ ಬರೆಯುತ್ತಿದ್ದ ಅಮೆರಿಕದ ಜೆಫ್ ಕೂಪರ್ 1980ರ ದಶಕದಲ್ಲಿ ಹಗುರ ರೈಫಲ್ಲಿನ ತೂಕಕ್ಕೆ ಮೂರು ಕೆಜಿ, ಉದ್ದಕ್ಕೆ ಒಂದು ಮೀಟರ್ ಎಂದು ಗೆರೆ ಎಳೆದ. ಮಲೆ ಹತ್ತಿ ಏದುಸಿರು ಬಿಡುವವನ ಕೈಯಲ್ಲಿ ಅದಕ್ಕಿಂತ ಹಗುರವಾದ ರೈಫಲ್ಲಿನ ಮೂತಿ ನಿಲ್ಲದೆ ತೂಗಾಡುತ್ತದೆ. ಹಾಗಾಗಿ ತುದಿಯಲ್ಲಿ ತುಸು ಭಾರವಿರಲಿ ಎನ್ನುವವರೂ ಇದ್ದಾರೆ. ಈಚೆಗೆ ನ್ಯೂಜಿಲೆಂಡ್, ಸ್ಕ್ಯಾಂಡಿನೇವಿಯಾ ಕಡೆಯ ಬೇಟೆಗಾರರು ಕಿವಿ ಉಳಿಸಿಕೊಳ್ಳಲು ಸದ್ದಡಗಿಸುವ ಕೊಳವೆ ತಿರುಪುತ್ತಾರೆ. ಅದಕ್ಕೆ ಜಾಗ ಬೇಕೆಂದು ನಳಿಗೆಯನ್ನು 16, 18 ಇಂಚಿಗೆ ಕತ್ತರಿಸುತ್ತಾರೆ. ಕೊಳವೆ ಸೇರಿಸಿ ಅಳೆದರೆ ಮತ್ತೆ 24 ಇಂಚಿನ ಹತ್ತಿರಕ್ಕೇ ಬಂದು ನಿಲ್ಲುತ್ತದೆ.